ಸಿಸ್ಟಮ್‌ಡಿ ಗೆದ್ದದ್ದು ಸರಿ, ಹಬ್ಬಿದ್ದು ತಪ್ಪು

ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡುವ, ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬ ಜಗಳ ಇನ್ನೂ ಆರಿಲ್ಲ. ರೆಡ್ ಹ್ಯಾಟ್‌ನಲ್ಲಿದ್ದ ಲೆನಾರ್ಟ್ ಪೊಯೆಟರಿಂಗ್ 2010ರಲ್ಲಿ ಈ ಕೆಲಸಕ್ಕೆ ಸಿಸ್ಟಮ್‌ಡಿಯನ್ನು ಮುಂದಿಟ್ಟರು. 2014ರಲ್ಲಿ ಡೆಬಿಯನ್ ಡಿಸ್ಟ್ರೋದ ತಾಂತ್ರಿಕ ಸಮಿತಿಯಲ್ಲಿ ಮತಗಳು ಸಮಸಮವಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಅದು ಗೆದ್ದಿತು. ಮುನಿಸಿಕೊಂಡವರು ಹೊರನಡೆದು ಡೆವುವಾನ್ ಎಂಬ ಬೇರೆ ಡಿಸ್ಟ್ರೋ ಕಟ್ಟಿದರು. ‘ಯುನಿಕ್ಸ್ ತತ್ವ ಹಾಳಾಯಿತು’ ಎಂದು ಒಬ್ಬರು, ‘ಹಳೇ ತಲೆಗಳ ಗೊಣಗಾಟ’ ಎಂದು ಇನ್ನೊಬ್ಬರು. ಅಸಲಿ ತಕರಾರು ಇವೆರಡರ ನಡುವೆ ಕಳೆದುಹೋಗಿದೆ.

ಮೊದಲು ಈ ಕೆಲಸ ಮಾಡುತ್ತಿದ್ದ ಹಳೆಯ ಇನಿಟ್ ಸ್ಕ್ರಿಪ್ಟುಗಳನ್ನು ಹೊಗಳುವವರು ಅವುಗಳಲ್ಲೊಂದನ್ನು ತೆರೆದು ಓದಲಿ. ಸರ್ವಿಸ್ ನಿಲ್ಲಿಸಲು ಸ್ಕ್ರಿಪ್ಟ್ ಒಂದು ಪಿಐಡಿ ಫೈಲ್ ಓದಿ, ಅದರಲ್ಲಿದ್ದ ಸಂಖ್ಯೆಯ ಪ್ರೊಸೆಸ್‌ಗೆ ಸಿಗ್ನಲ್ ಕಳಿಸುತ್ತಿತ್ತು. ಸರ್ವಿಸ್ ಮೊದಲೇ ಕ್ರ್ಯಾಶ್ ಆಗಿ ಆ ಸಂಖ್ಯೆ ಬೇರೆಯದಕ್ಕೆ ಸಿಕ್ಕಿದ್ದರೆ? ಎಚ್ಚರ ತಪ್ಪಿ ಬರೆದ ಸ್ಕ್ರಿಪ್ಟ್ ಏನೂ ಅರಿಯದ ಆ ಪ್ರೊಸೆಸ್ಸನ್ನೇ ಕೊಲ್ಲುತ್ತಿತ್ತು. ಸಿಸ್ಟಮ್‌ಡಿ ಪ್ರತಿ ಸರ್ವಿಸನ್ನೂ ಅದರದೇ ಸಿಗ್ರೂಪ್‌ನಲ್ಲಿ (ಕರ್ನಲ್ ಕಾಯುವ ಪ್ರೊಸೆಸ್‌ಗಳ ಗುಂಪಿನಲ್ಲಿ) ಇಡುತ್ತದೆ. ಆ ಸರ್ವಿಸ್ ಹುಟ್ಟಿಸಿದ ಮರಿ ಪ್ರೊಸೆಸ್‌ಗಳ ಲೆಕ್ಕವೂ ಕರ್ನಲ್ ಬಳಿಯೇ ಇರುತ್ತದೆ. ನಿಲ್ಲಿಸು ಎಂದರೆ ಮೊದಲು ನಿಲ್ಲಲು ಕೋರುವ ಸಿಗ್‌ಟರ್ಮ್. ಸಾಮಾನ್ಯವಾಗಿ 90 ಸೆಕೆಂಡ್ ಕಾದರೂ ಮಣಿಯದಿದ್ದರೆ ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್. ರಾತ್ರಿ ಎರಡಕ್ಕೆ ಸರ್ವರ್ ನೋಡಿಕೊಳ್ಳುವವರಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಈ ಕೆಲಸದಲ್ಲಿ ಗೆದ್ದದ್ದು ಉಳಿದೆಲ್ಲಕ್ಕೂ ಪರವಾನಗಿಯಲ್ಲ. ಲಾಗ್, ಲಾಗಿನ್, ಡಿಎನ್‌ಎಸ್, ಗಡಿಯಾರ ಎಂದು ಯೋಜನೆ ಹಬ್ಬುತ್ತಲೇ ಹೋಯಿತು. 2016ರಲ್ಲಿ 230ನೇ ಆವೃತ್ತಿ ಡಿಫಾಲ್ಟ್ ಒಂದನ್ನು ಬದಲಿಸಿತು: ಬಳಕೆದಾರ ಲಾಗೌಟ್ ಆದರೆ ಅವನ ಪ್ರೊಸೆಸ್‌ಗಳೂ ಸಾಯಬೇಕು. ಟಿಮಕ್ಸ್‌ನಂಥ ಟೂಲ್‌ಗಳಲ್ಲಿ ಕೆಲಸ ಓಡಲು ಬಿಟ್ಟು ಮನೆಗೆ ಹೋಗುವುದು ದಶಕಗಳ ರೂಢಿ. ಅದನ್ನು ಯಾರನ್ನೂ ಕೇಳದೆ ಮುರಿದರು. ಡೆಬಿಯನ್ ತನ್ನಲ್ಲಿ ಹಳೆಯ ಡಿಫಾಲ್ಟನ್ನೇ ಉಳಿಸಿಕೊಳ್ಳಬೇಕಾಯಿತು.

2024ರ ಎಕ್ಸ್‌ಜೆಡ್ ಪ್ರಕರಣ ಇನ್ನೂ ಕಟುವಾದ ಪಾಠ. ಎಸ್‌ಎಸ್‌ಎಚ್ ಸರ್ವರ್ ಸಿಸ್ಟಮ್‌ಡಿಗೆ ಹೇಳಬೇಕಿದ್ದದ್ದು ‘ನಾನು ಸಿದ್ಧ’ ಎಂಬ ಒಂದೇ ಸಾಲು. ಅದಕ್ಕಾಗಿ ಡೆಬಿಯನ್, ಫೆಡೋರಾ ಮುಂತಾದ ಡಿಸ್ಟ್ರೋಗಳು ಸರ್ವರಿಗೆ ಲಿಬ್‌ಸಿಸ್ಟಮ್‌ಡಿಯನ್ನು ಜೋಡಿಸಿದವು. ಅದರ ಬೆನ್ನಿಗೆ ಎಕ್ಸ್‌ಜೆಡ್‌ನ ಲಿಬ್‌ಎಲ್‌ಜೆಡ್‌ಎಮ್‌ಎ ಎಂಬ ಲೈಬ್ರರಿ ಬಂತು, ಅದರೊಳಗೆ ಹಿಂಬಾಗಿಲೂ ಬಂತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಬೆನ್ನು ಹತ್ತದಿದ್ದರೆ ಅದು ಜಗತ್ತಿನ ಅಸಂಖ್ಯ ಸರ್ವರುಗಳಿಗೆ ಹರಡಬಹುದಿತ್ತು. ಹಿಂಬಾಗಿಲು ಇಟ್ಟವರು ಸಿಸ್ಟಮ್‌ಡಿಯವರಲ್ಲ, ನಿಜ. ಆದರೆ ಒಂದು ಸಾಲಿನ ಮಾತಿಗೆ ಇಡೀ ಲೈಬ್ರರಿಯನ್ನು ಹೊರಿಸುವ ಅಭ್ಯಾಸವೇ ಅದಕ್ಕೆ ದಾರಿ ಮಾಡಿಕೊಟ್ಟಿತು. ಓಪನ್‌ಎಸ್‌ಎಸ್‌ಎಚ್ ಮುಂದೆ ಅದೇ ಸೂಚನೆಯನ್ನು ಲೈಬ್ರರಿಯ ಹಂಗಿಲ್ಲದೆ ತನ್ನದೇ ಕೋಡಿನಲ್ಲಿ ಬರೆದುಕೊಂಡಿತು. ಅಂದರೆ ಆ ಹೊರೆ ಎಂದೂ ಬೇಕಿರಲಿಲ್ಲ.

‘ಎಲ್ಲವೂ ಒಂದೇ ಕಡೆ ಇದ್ದರೆ ಹೊಂದಾಣಿಕೆ ಸುಲಭ’ ಎನ್ನುವವರಿದ್ದಾರೆ. ಕಟ್ಟುವವರಿಗೆ ಸುಲಭ, ಒಪ್ಪೋಣ. ಒಂದು ತುಣುಕು ಕೆಟ್ಟಾಗ ಬಿಡಿಸಲಾಗದೆ ಒದ್ದಾಡುವವರು ಬೇರೆ. ಹಾಗೆಂದು ಹಳೆಯ ಸ್ಕ್ರಿಪ್ಟುಗಳಿಗೆ ಮರಳಬೇಕೆಂಬ ಬೇಡಿಕೆ ಬೇಡ. ಕೇಳಬೇಕಾದ್ದು ಬೇರೆ: ಸಿಸ್ಟಮ್‌ಡಿ ಜೊತೆ ಮಾತಾಡುವ ಕ್ರಮ ಬರಹದಲ್ಲಿ ಸ್ಪಷ್ಟವಾಗಿರಲಿ, ಅದಕ್ಕೆ ಲೈಬ್ರರಿ ಕಡ್ಡಾಯವಾಗದಿರಲಿ, ಬಳಕೆದಾರರ ರೂಢಿ ಮುರಿಯುವ ಬದಲಾವಣೆಯನ್ನು ಅವರೇ ಆರಿಸಿಕೊಂಡಾಗ ಮಾತ್ರ ಜಾರಿಗೆ ತರಲಿ. ಡಿಸ್ಟ್ರೋಗಳು ಪಟ್ಟು ಹಿಡಿದರೆ ಇದಾವುದೂ ಅಸಾಧ್ಯವಲ್ಲ.