‘ಹೊಡಿ ಹೊಡಿ’ ಅನ್ನೋದನ್ನು ಮೊದಲು ನಿಲ್ಲಿಸೋಣ

ಹಬ್ಬದ ಶಟಲ್ ಟೂರ್ನಮೆಂಟು. ಶಾಲೆ ಮೈದಾನದಲ್ಲಿ ಸುಣ್ಣದ ಗೆರೆ, ಎರಡು ಕಂಬಕ್ಕೆ ಲೈಟು. ಶಟಲ್ ಸ್ವಲ್ಪ ಮೇಲೆ ಬಂದರೆ ಸಾಕು, ಸುತ್ತ ನಿಂತವರೆಲ್ಲ ಒಟ್ಟಿಗೆ ಕೂಗ್ತಾರೆ: “ಹೊಡಿಯೋ! ಹೊಡಿ!” ಹುಡುಗ ಹೊಡೀತಾನೆ. ನೆಟ್ಟಿಗೆ. ಆದರೂ ಸಿಳ್ಳೆ.

ತಪ್ಪು ನಮ್ಮದೂ ಇದೆ. ಜಿಲ್ಲಾ ಪುಟಕ್ಕೆ ಸುದ್ದಿ ಕಳಿಸುವಾಗ ನಾವೂ ‘ಮಿಂಚಿನ ಸ್ಮ್ಯಾಶ್’ ಅಂತಲೇ ಬರೆದಿದ್ದೇವೆ. ಎದುರಾಳಿಯನ್ನು ಎಂಟು ಸಲ ಓಡಿಸಿ ಒಂಬತ್ತನೇ ಸಲ ಖಾಲಿ ಜಾಗಕ್ಕೆ ಶಟಲ್ ಇಳಿಸಿದವನ ಬಗ್ಗೆ ಒಂದು ಸಾಲೂ ಬರೆದಿಲ್ಲ.

ಇದರಿಂದ ಏನು ಹಾಳಾಯಿತು ಅಂತೀರಾ? ಒಂದು ತಾಲ್ಲೂಕು ಆಯ್ಕೆಯಲ್ಲಿ ನಾವು ಕಣ್ಣಾರೆ ಕಂಡಿದ್ದು: ಒಂಬತ್ತನೇ ಕ್ಲಾಸಿನ ಸಣಕಲು ಹುಡುಗಿ ತನಗಿಂತ ಒಂದು ಗೇಣು ಎತ್ತರದವಳನ್ನು ಕೋರ್ಟಿನ ನಾಲ್ಕು ಮೂಲೆಗೂ ಅಲೆದಾಡಿಸಿ ಸೋಲಿಸಿದಳು. ಪಟ್ಟಿಯಲ್ಲಿ ಸೋತವಳ ಹೆಸರು ಬಂತು. ಕೇಳಿದ್ದಕ್ಕೆ, “ಇವಳ ಕೈಯಲ್ಲಿ ಪವರ್ ಇಲ್ಲ ಸಾರ್” ಅಂದರು. ಗೆದ್ದಿದ್ದಾಳಲ್ಲ ಸ್ವಾಮಿ!

ಹಾಗೆ ಅಂದವರು ಒಮ್ಮೆ ಮಲ್ಲೇಶ್ವರದ ಕಥೆ ಕೇಳಬೇಕು. ಅಲ್ಲಿನ ಕೆನರಾ ಯೂನಿಯನ್ನಿನ ಮದುವೆ ಹಾಲೇ ಪ್ರಕಾಶ್ ಪಡುಕೋಣೆಯವರ ಮೊದಲ ಬ್ಯಾಡ್ಮಿಂಟನ್ ಕೋರ್ಟು. ಸ್ಕೂಲು ಬಿಟ್ಟ ಮೇಲೆ ಹಾಲಿನಲ್ಲಿ ಕಾರ್ಯಕ್ರಮ ಇಲ್ಲದಿದ್ದರೆ ಆಟ, ಇದ್ದರೆ ಮನೆ. ನಮ್ಮೂರ ಸಮುದಾಯ ಭವನದ ಥರವೇ. ಅಲ್ಲಿ ಆಡಿ ಬೆಳೆದವರು 1971ರಿಂದ ಸತತ ಒಂಬತ್ತು ವರ್ಷ ರಾಷ್ಟ್ರೀಯ ಚಾಂಪಿಯನ್ ಆದರು.

1980ರ ಆಲ್ ಇಂಗ್ಲೆಂಡ್ ಫೈನಲ್. ಎದುರಿಗೆ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್. ಹಿಂದಿನ ಎರಡು ವರ್ಷ ಅಲ್ಲಿ ಗೆದ್ದವನು, ಹಾರಿ ಹೊಡೆಯುವ ಸ್ಮ್ಯಾಶಿಗೆ ಜಗತ್ತೇ ಹೆದರುತ್ತಿತ್ತು. ಪ್ರಕಾಶ್ ಅವನ ವೇಗಕ್ಕೆ ವೇಗ ಕೊಡಲು ಹೋಗಲೇ ಇಲ್ಲ. ಎತ್ತರದ ಟಾಸಿನಿಂದ ಹಿಂದಿನ ಗೆರೆಗೆ ಕಳಿಸಿದರು, ಅದೇ ಕೈ ಬೀಸಿನಲ್ಲಿ ನೆಟ್ ಪಕ್ಕ ಡ್ರಾಪ್ ಹಾಕಿದರು, ಅರ್ಧ ಬಲದ ಸ್ಮ್ಯಾಶನ್ನು ಮೈಗಲ್ಲ, ಗೆರೆಗೆ ಇಟ್ಟರು. 15-3, 15-10. ಆಲ್ ಇಂಗ್ಲೆಂಡ್ ಗೆದ್ದ ಮೊದಲ ಭಾರತೀಯ.

ಇದರ ಲೆಕ್ಕ ಸರಳ. ಕೋರ್ಟಿನ ಅರ್ಧಭಾಗದಲ್ಲಿ ಅತಿ ದೂರದ ದಾರಿ ಅಂದರೆ ಮೂಲೆಯಿಂದ ಮೂಲೆಗೆ. ಮೊದಲು ಬ್ಯಾಕ್‌ಹ್ಯಾಂಡ್ ಕಡೆಯ ಹಿಂದಿನ ಮೂಲೆಗೆ ತಳ್ಳು, ಆಮೇಲೆ ಎದುರು ಬದಿಯ ಮುಂದಿನ ಮೂಲೆಗೆ ಇಳಿಸು, ಮತ್ತೆ ಹಿಂದಕ್ಕೆ. ಮೂರು ನಾಲ್ಕು ಸುತ್ತಿಗೆ ಅವನು ಮಧ್ಯಕ್ಕೆ ವಾಪಸ್ ಬರೋದು ಅರ್ಧ ಹೆಜ್ಜೆ ತಡವಾಗುತ್ತೆ. ಪಾಯಿಂಟ್ ಇರೋದು ಆ ಅರ್ಧ ಹೆಜ್ಜೆಯಲ್ಲಿ. ಸ್ಮ್ಯಾಶ್ ಬೇಕಾದರೆ ಆಗ ಹೊಡಿ, ಬೇಡ ಅಂದವರು ಯಾರು? (ಇನ್ನೊಂದು ವಿಷಯ: ಸಿಕ್ಕಾಪಟ್ಟೆ ಹೊಡೆದರೆ ಗರಿ ಮುರಿಯುತ್ತೆ. ಶಟಲ್ ಡಬ್ಬಿಗೆ ಚಂದಾ ಎತ್ತುವವರಿಗೆ ಇದು ಗೊತ್ತು.)

“ಅದೆಲ್ಲ ಹಳೇ ಕಾಲ, ಈಗ 21ರ ಆಟ” ಅಂತ ವಾದಿಸುವವರಿದ್ದಾರೆ. ನಾವು ಹೇಳೋದು ತಿರುಗಾ ಮುರುಗಾ. ಆಗ ಸರ್ವ್ ಮಾಡಿದವನಿಗೆ ಮಾತ್ರ ಪಾಯಿಂಟ್ ಇತ್ತು. ಎದುರಾಳಿಯ ಸರ್ವ್‌ಗೆ ತಪ್ಪಿದರೆ ಪಾಯಿಂಟ್ ಹೋಗುತ್ತಿತ್ತು, ನಿನ್ನದೇ ಸರ್ವ್‌ನಲ್ಲಿ ತಪ್ಪಿದರೆ ಹೋಗ್ತಾ ಇದ್ದಿದ್ದು ಸರ್ವ್ ಅಷ್ಟೇ. ಈಗ ನೆಟ್ಟಿಗೆ ಬಡಿದ ಪ್ರತಿ ಶಟಲ್ಲೂ ಎದುರಾಳಿಗೆ ಪುಕ್ಕಟೆ ಪಾಯಿಂಟ್. ಆತುರದ ಬೆಲೆ ಹೆಚ್ಚಾಗಿದೆ, ಕಡಿಮೆ ಆಗಿಲ್ಲ.

ಬೆಂಗಳೂರಿನಲ್ಲಿ ಈಗ ಪ್ಯಾಡೆಲ್ ಅಂತ ಹೊಸ ಆಟ ಬಂದಿದೆ. ಇಪ್ಪತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಕೋರ್ಟು, ಹಿಂದೆ ಗಾಜಿನ ಗೋಡೆ, ಆ ಕಡೆ ಇಬ್ಬರು ಈ ಕಡೆ ಇಬ್ಬರು. ನೆಲಕ್ಕೆ ಬಿದ್ದು ಗೋಡೆಗೆ ತಗುಲಿದ ಚೆಂಡನ್ನೂ ಆಡಬಹುದು. ಹಾಗಾಗಿ ಸುಮ್ಮನೆ ಬಲ ಹಾಕಿ ಬಡಿದರೆ ಚೆಂಡು ಗಾಜಿಗೆ ಬಿದ್ದು ಎದುರಾಳಿಯ ಕೈಗೇ ಹದವಾಗಿ ಬರುತ್ತೆ. ನೆಟ್ ಹಿಡಿದು ನಿಂತವರ ತಲೆ ಮೇಲೆ ಎತ್ತಿ ಹಾಕಿ, ಅವರನ್ನು ಗೋಡೆವರೆಗೆ ಹಿಂದೆ ಓಡಿಸಿ, ಆ ಜಾಗ ತಾನು ಹಿಡಿಯುವವನೇ ಅಲ್ಲಿ ಜಾಣ. ಮದುವೆ ಹಾಲಿನ ಹುಡುಗ ತೋರಿಸಿಕೊಟ್ಟ ತಾಳ್ಮೆಯನ್ನೇ ಪಟ್ಟಣದವರು ಗಂಟೆಗಿಷ್ಟು ಬಾಡಿಗೆ ಕೊಟ್ಟು ಕಲೀತಿದ್ದಾರೆ. ನಮ್ಮ ಮಕ್ಕಳಲ್ಲಿ ಪುಕ್ಕಟೆಯಾಗಿ ಇರೋದನ್ನು ನಾವು ಪವರ್ ಇಲ್ಲ ಅಂತ ಮನೆಗೆ ಕಳಿಸ್ತಿದ್ದೇವೆ.

ಪಿಟಿ ಮೇಷ್ಟ್ರುಗಳಿಗೆ ನಮ್ಮ ಬೇಡಿಕೆ ಒಂದೇ: ಆಯ್ಕೆ ದಿನ ಒಂದು ನೋಟ್‌ಬುಕ್ ಹಿಡಿದು ಕೂರಿ. ಯಾರು ಎಷ್ಟು ಸಲ ತಾವೇ ತಪ್ಪಿದರು, ಯಾರು ಎಷ್ಟು ಸಲ ಎದುರಾಳಿಯನ್ನು ತಪ್ಪುವಂತೆ ಮಾಡಿದರು, ಗೀಟು ಹಾಕಿ. ಆ ಲೆಕ್ಕ ಗೋಡೆಗೆ ಅಂಟಿಸಿ, ಆಮೇಲೆ ಪಟ್ಟಿ ಓದಿ.

ಮುಂದಿನ ಟೂರ್ನಮೆಂಟಿಗೆ ನಾವೂ ನೋಟ್‌ಬುಕ್ ತರ್ತೀವಿ. ಪಕ್ಕದಲ್ಲಿ ಬಂದು ಕೂತ್ಕೊಳ್ಳಿ. ಕಿರುಚೋದು ಮಾತ್ರ ಬೇಡ, ಎಣಿಕೆ ತಪ್ಪುತ್ತೆ.