ಹಗ್ಗಕ್ಕೇಕೆ ಪ್ಲಾಸ್ಟಿಕ್ ಗೂಡು?



ಶಾಲೆಗೆ ಹೊಸ ಆಟದ ಸಾಮಾನು ಬಂದ ದಿನ ನಿಮ್ಮ ಕಣ್ಣೆಲ್ಲ ಚೆಂಡಿನ ಮೇಲೆ, ಹಗ್ಗದ ಮೇಲೆ, ಶಟಲ್ ಕಾಕ್‌ಗಳ ಮೇಲೆ. ಅವುಗಳನ್ನು ಸುತ್ತಿಕೊಂಡು ಬಂದ ಹೊದಿಕೆಯನ್ನು ಯಾರೂ ನೋಡುವುದಿಲ್ಲ. ಚೆಂಡು ಮೈದಾನಕ್ಕೆ ಹೋಗುತ್ತದೆ, ಹೊದಿಕೆ ಕಸದ ಗುಂಡಿಗೆ ಹೋಗುತ್ತದೆ. ಈ ಸಲ ಹೊದಿಕೆಯನ್ನೇ ನೋಡೋಣ. ಅದರ ಬಗ್ಗೆ ನನ್ನದೊಂದು ತಕರಾರಿದೆ.

ಸ್ಕಿಪ್ಪಿಂಗ್ ಹಗ್ಗದ ಪೊಟ್ಟಣ ನೆನಪಿಸಿಕೊಳ್ಳಿ. ಹಿಂದೆ ಬಣ್ಣದ ರಟ್ಟು, ಮುಂದೆ ಉಬ್ಬಿದ ಪಾರದರ್ಶಕ ಪ್ಲಾಸ್ಟಿಕ್ ಗೂಡು. ಗೂಡಿನ ಅಂಚನ್ನು ರಟ್ಟಿಗೆ ಬಿಸಿ ಮಾಡಿ ಅಂಟಿಸಿರುತ್ತಾರೆ. ಎಳೆದರೆ ರಟ್ಟಿನ ಸಿಪ್ಪೆ ಪ್ಲಾಸ್ಟಿಕ್‌ಗೆ ಮೆತ್ತಿಕೊಂಡೇ ಬರುತ್ತದೆ. ಬರೀ ರಟ್ಟನ್ನು ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ. ಹೀಗೆ ಎರಡು ಸೇರಿ ಅಂಟಿಕೊಂಡದ್ದನ್ನು ಕೊಳ್ಳುವವರು ಅಪರೂಪ.

ಏಕೆ ಗೊತ್ತೆ? ಹಳೆಯ ರಟ್ಟಿನಿಂದ ಹೊಸ ರಟ್ಟು ಮಾಡಲು ಅದನ್ನು ನೀರಿನಲ್ಲಿ ನೆನೆಸಿ, ಕಡೆದು, ನಾರು ನಾರಾಗಿ ಬಿಡಿಸಬೇಕು. ಪ್ಲಾಸ್ಟಿಕ್ಕನ್ನಾದರೋ ಕರಗಿಸಬೇಕು. ಎರಡರ ದಾರಿಯೇ ಬೇರೆ. ಹೀಗೆ ಹಳೆಯದನ್ನು ಹೊಸ ವಸ್ತುವಾಗಿಸುವುದಕ್ಕೆ ಮರುಚಕ್ರೀಕರಣ ಎನ್ನುತ್ತೇವೆ.

ಪ್ಲಾಸ್ಟಿಕ್‌ಗಳಲ್ಲೂ ಜಾತಿಗಳಿವೆ. ಪೊಟ್ಟಣವನ್ನು ತಿರುಗಿಸಿ ನೋಡಿ, ಕೆಲವದರ ಮೇಲೆ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಎಂದರೆ ಪೆಟ್, ನೀರಿನ ಬಾಟಲಿಯದು. 3 ಎಂದರೆ ಪಿ.ವಿ.ಸಿ. ಉಬ್ಬಿದ ಗೂಡುಗಳನ್ನು ಎರಡರಿಂದಲೂ ಮಾಡುತ್ತಾರೆ, ನೋಡಲು ಎರಡೂ ಒಂದೇ ಥರ. ಪೆಟ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಶಾಖದಲ್ಲಿ ಪಿ.ವಿ.ಸಿ. ಒಡೆದು ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ, ಜೊತೆಗಿರುವ ಪೆಟ್ಟನ್ನೂ ಕೆಡಿಸುತ್ತದೆ.

ಒಂದು ಪ್ರಯೋಗ ಮಾಡಿ. ನೀರಿನ ಬಾಟಲಿಯ ಒಂದು ಚೂರು, ಅದರ ಮುಚ್ಚಳದ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ. ಗಾಳಿಗುಳ್ಳೆ ಅಂಟಿಕೊಂಡಿರಬಾರದು, ಕಡ್ಡಿಯಿಂದ ಒತ್ತಿ ಬಿಡಿ. ಬಾಟಲಿ ಚೂರು ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಕಾರ್ಖಾನೆಗಳಲ್ಲಿ ಪ್ಲಾಸ್ಟಿಕ್ ಬೇರ್ಪಡಿಸಲು ಇದೇ ಉಪಾಯ ಬಳಸುತ್ತಾರೆ. ಆದರೆ ಪೆಟ್ ಮತ್ತು ಪಿ.ವಿ.ಸಿ. ಎರಡೂ ಮುಳುಗುವಂಥವು! ನೀರು ಅವನ್ನು ಬೇರ್ಪಡಿಸಿಕೊಡುವುದಿಲ್ಲ. ಹೊದಿಕೆ ಮಾಡುವವರು ಪಿ.ವಿ.ಸಿ. ಕೈಬಿಟ್ಟರೆ ಈ ತೊಡಕು ತಪ್ಪುತ್ತದೆ.

ಇದೆಲ್ಲ ನಮಗೇಕೆ ಎನ್ನಬೇಡಿ. ಹಳ್ಳಿಯ ಎಷ್ಟೋ ಶಾಲೆಗಳಲ್ಲಿ ಈ ಪೊಟ್ಟಣಗಳು ಮೈದಾನದ ಮೂಲೆಯಲ್ಲಿ ಸುಟ್ಟುಹೋಗುತ್ತವೆ. ಪಿ.ವಿ.ಸಿ. ಸುಟ್ಟರೆ ಕಣ್ಣು ಗಂಟಲು ಉರಿಸುವ ಹೊಗೆ ಬರುತ್ತದೆ, ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಆ ಗಾಳಿಯಲ್ಲೇ ನೀವು ಕೊಕ್ಕೊ ಆಡುತ್ತೀರಿ.

ಎಲ್ಲ ಹೊದಿಕೆಯೂ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಟೆನಿಸ್ ಆಟಗಾರರ ಚೆಂಡಿನೊಳಗೆ ಹೊರಗಿನದಕ್ಕಿಂತ ಹೆಚ್ಚು ಒತ್ತಡದ ಗಾಳಿ ತುಂಬಿರುತ್ತಾರೆ. ಅದು ಸೋರದಿರಲು ಡಬ್ಬಿಯಲ್ಲೂ ಒತ್ತಡ ಬೇಕು. ತೆರೆಯುವಾಗ ಬುಸ್ ಎನ್ನುವುದು ಅದಕ್ಕೇ. ರಟ್ಟಿನ ಪೆಟ್ಟಿಗೆ ಆ ಕೆಲಸ ಮಾಡಲಾರದು. ಶಟಲ್ ಕಾಕ್‌ನ ಗರಿ ಮುರಿಯದಿರಲು ಉದ್ದನೆಯ ಕೊಳವೆ ಬೇಕೇ ಬೇಕು. ಆದರೆ ಬರೀ ರಟ್ಟಿನ ಕೊಳವೆ, ಕೈಯಿಂದ ಕಿತ್ತರೆ ಬರುವ ಮುಚ್ಚಳ ಸಾಕಲ್ಲವೇ? ಒಳಗೆ ಹೊಳೆಯುವ ಹಾಳೆ, ತುದಿಗೆ ತಗಡಿನ ಬಳೆ ಸೇರಿದರೆ ಮತ್ತದೇ ಕಗ್ಗಂಟು.

ಸ್ಕಿಪ್ಪಿಂಗ್ ಹಗ್ಗಕ್ಕಂತೂ ಯಾವ ಭಯ? ಬಿದ್ದರೆ ಒಡೆಯುವುದಿಲ್ಲ, ಮಳೆಗೆ ಕೊಳೆಯುವುದಿಲ್ಲ. ಒಂದು ರಟ್ಟಿನ ಪಟ್ಟಿ ಸುತ್ತಿ, ಅದರಲ್ಲೇ ತೂಗುಹಾಕಲು ತೂತು ಕೊರೆದರೆ ಆಯಿತು. ಗೂಡಿದ್ದರೆ ಕಳ್ಳತನ ಆಗುವುದಿಲ್ಲ, ಗಿರಾಕಿಗೆ ಚೆನ್ನಾಗಿ ಕಾಣುತ್ತದೆ ಎಂದು ಅಂಗಡಿಯವರು ಹೇಳಬಹುದು. ಇದ್ದೀತು. ಆದರೆ ಕೊಂಡ ಮೇಲೆ ಅದರ ಕಷ್ಟ ಅಂಗಡಿಯವರದಲ್ಲ, ನಮ್ಮದು.

ಚೆಂಡಿನ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಗಾಳಿ ತುಂಬಿದ ವಾಲಿಬಾಲನ್ನು ಅದಕ್ಕೆ ಸರಿಯಾಗಿ ಹೊಂದುವ ಘನಾಕಾರದ ಪೆಟ್ಟಿಗೆಯಲ್ಲಿಟ್ಟರೆ ಚೆಂಡು ತುಂಬುವುದು ಪೆಟ್ಟಿಗೆಯ ಶೇಕಡಾ 52ರಷ್ಟು ಜಾಗವನ್ನು ಮಾತ್ರ. ಮಿಕ್ಕದ್ದೆಲ್ಲ ಖಾಲಿ. ನಮ್ಮ ದೇಶದಲ್ಲಿ ಆಟದ ಸಾಮಾನು ಹೆಚ್ಚಾಗಿ ತಯಾರಾಗುವುದು ಪಂಜಾಬಿನ ಜಲಂಧರ್ ಮತ್ತು ಉತ್ತರ ಪ್ರದೇಶದ ಮೀರತ್‌ನಲ್ಲಿ. ಅಲ್ಲಿಂದ ಕರ್ನಾಟಕದವರೆಗೆ ಲಾರಿಯಲ್ಲಿ ಬರೀ ಜಾಗವನ್ನು ಹೊತ್ತು ತರುವುದೇ? ಗಾಳಿ ತೆಗೆದು, ಬಟ್ಟಲಿನಂತೆ ಮಡಿಸಿ ಕಳಿಸಿದರೆ ರಟ್ಟೂ ಉಳಿಯುತ್ತದೆ, ಡೀಸೆಲ್ಲೂ ಉಳಿಯುತ್ತದೆ.

ದೊಡ್ಡ ಕಂಪನಿಗಳೂ ಇಂಥ ಯೋಚನೆ ಮಾಡಿವೆ. 2010ರಲ್ಲಿ ಪೂಮಾ ಎಂಬ ಕ್ರೀಡಾ ಬೂಟಿನ ಕಂಪನಿ ಮಾಮೂಲು ಪೆಟ್ಟಿಗೆಯ ಬದಲು ಮಡಿಸಿದ ಒಂದೇ ರಟ್ಟು, ಅದರ ಮೇಲೊಂದು ಚೀಲದ ಹೊದಿಕೆ ಪ್ರಕಟಿಸಿತು. ವಿನ್ಯಾಸ ಮಾಡಿದವರು ಈವ್ ಬೆಹಾರ್. ರಟ್ಟಿನ ಬಳಕೆ ಶೇಕಡಾ 65ರಷ್ಟು ಕಡಿಮೆ ಎಂದು ಕಂಪನಿ ಹೇಳಿತು. ನನಗೆ ಆ ಅಂಕಿಗಿಂತ ಹಿಡಿಸಿದ್ದು ಬೇರೆ: ಚೀಲ ಎಳೆದರೆ ರಟ್ಟು ಒಂದು ಕೈಯಲ್ಲಿ, ಚೀಲ ಇನ್ನೊಂದು ಕೈಯಲ್ಲಿ. ಕತ್ತರಿಯೂ ಬೇಡ.

ಪ್ಲಾಸ್ಟಿಕ್ ಹೊದಿಕೆಯ ಹೊಣೆ ತಯಾರಕರದೂ ಹೌದು ಎಂದು ಕೇಂದ್ರ ಸರ್ಕಾರ 2016ರ ನಿಯಮಗಳಲ್ಲೇ ಹೇಳಿದೆ. 2022ರಲ್ಲಿ ಅದಕ್ಕೆ ವಿವರವಾದ ಮಾರ್ಗಸೂಚಿಯೂ ಬಂತು. ಆದರೆ ಕೊಳ್ಳುವವರು ಕೇಳದೆ ತಯಾರಕರು ಬೇಗ ಬದಲಾಗುವುದಿಲ್ಲ. ಕೊಳ್ಳುವವರಲ್ಲಿ ನಮ್ಮ ಶಾಲೆಗಳೂ ಇವೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗೆಂದು ಹಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 10,000 ರೂಪಾಯಿವರೆಗೆ ಅವಕಾಶವಿದೆ.

ಮುಂದಿನ ಸಲ ಸಾಮಾನಿನ ಪಟ್ಟಿ ಬರೆಯುವಾಗ ಮುಖ್ಯ ಗುರುಗಳ ಬಳಿ ಹೋಗಿ, ಹಗ್ಗದ ಮುಂದೆ 'ಬಿಡಿಯಾಗಿ ಕೊಡಿ, ಗೂಡು ಬೇಡ' ಎಂದೂ, ಚೆಂಡಿನ ಮುಂದೆ 'ಗಾಳಿ ತುಂಬದೆ ಕೊಡಿ' ಎಂದೂ ಬರೆಸಿ. ಪಂಪು ಮತ್ತು ಸೂಜಿ ಶಾಲೆಯಲ್ಲಿವೆಯೇ ಎಂದು ಮೊದಲು ನೋಡಿಕೊಳ್ಳಿ.