ಐರ್ಲೆಂಡ್ ಡೈರಿ 14: ಉಪಯೋಗಕ್ಕೆ ಬರದ ಫಿರಂಗಿ ದಂಡವಾ?

ಕಳೆದ ವಾರದ ಫೋಟೋ ನೋಡಿ ಊರಿನ ಸುಮಾರು ಜನ ಕೇಳಿದ್ದು ಒಂದೇ: "ಅದೆಂತ ಪಾಳುಬಿದ್ದ ಕಾಂಕ್ರೀಟ್ ಗುಂಡಿ? ಅಲ್ಲಿ ಯುದ್ಧ ಆಗಿತ್ತಾ?" ಇಲ್ಲ, ಆಗಲಿಲ್ಲ. ಇವತ್ತಿನ ನನ್ನ ಮಾತು ಅದರ ಬಗ್ಗೆಯೇ.

ಜಾಗದ ಹೆಸರು ಟೆಂಪಲ್‌ಬ್ರೀಡಿ. ನಾನಿರುವ ಡಗ್ಲಸ್‌ನಲ್ಲಿ ಬಸ್ಸು ಹತ್ತಿ, ಕ್ಯಾರಿಗಲೈನ್ ದಾಟಿದರೆ ಕ್ರಾಸ್‌ಹೇವನ್. ಕಾರ್ಕ್ ಬಂದರಿನ ಬಾಯಿ ಅಲ್ಲೇ. ಮೇಲಿನ ಗುಡ್ಡದಲ್ಲಿ ಬ್ರಿಟಿಷರು 20ನೇ ಶತಮಾನದ ಆರಂಭದಲ್ಲಿ ಕಟ್ಟಿದ ಫಿರಂಗಿ ಬ್ಯಾಟರಿ ಇದು. ನಮ್ಮ ಬೋಳೂರಿನ ಸುಲ್ತಾನ್ ಬತ್ತೇರಿಯ 'ಬತ್ತೇರಿ'ಯೂ ಇದೇ ಶಬ್ದ. ಟಿಪ್ಪು 1784ರಲ್ಲಿ ಅದನ್ನು ಕಟ್ಟಿಸಿದ್ದೂ ಹೊಳೆಯೊಳಗೆ ಯುದ್ಧದ ಹಡಗು ಬಾರದಿರಲಿ ಅಂತ. ಇಲ್ಲಿದ್ದದ್ದು 9.2 ಇಂಚಿನ ಫಿರಂಗಿಗಳು. ಒಂದು ಗುಂಡಿನ ತೂಕ ಸುಮಾರು 170 ಕೆ.ಜಿ., ಅಂದರೆ ಮೂರು ಮೂಟೆ ಅಕ್ಕಿಗಿಂತ ಜಾಸ್ತಿ.

1921ರ ಒಪ್ಪಂದದಲ್ಲಿ ಐರ್ಲೆಂಡಿಗೆ ಸ್ವಂತ ಸರ್ಕಾರ ಸಿಕ್ಕರೂ ಮೂರು ಬಂದರುಗಳ ರಕ್ಷಣೆ ಬ್ರಿಟಿಷರ ಕೈಯಲ್ಲೇ ಉಳಿಯಿತು. ಕಾರ್ಕ್ ಬಂದರಿನ ಕೋಟೆಗಳು ಐರಿಷ್ ಸೈನ್ಯಕ್ಕೆ ಸಿಕ್ಕಿದ್ದು 1938ರ ಜುಲೈ 11ಕ್ಕೆ. ಮರುವರ್ಷ ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ. ಬಿಟ್ಟುಕೊಟ್ಟದ್ದು ತಪ್ಪು ಅಂತ ಚರ್ಚಿಲ್ ಮೊದಲಿಂದಲೂ ಸಿಟ್ಟಾಗಿದ್ದರು. ಐರ್ಲೆಂಡ್ ಯಾರ ಪಕ್ಷವನ್ನೂ ಸೇರಲಿಲ್ಲ. ಆ ವರ್ಷಗಳನ್ನು ಇಲ್ಲಿನವರು ಇವತ್ತಿಗೂ 'ಎಮರ್ಜೆನ್ಸಿ' ಅಂತಲೇ ಕರೆಯುವುದು. ಸೈನಿಕರು ಸಮುದ್ರ ಕಾಯುತ್ತಾ ಕೂತರು. ಈ ಬಂದರಿಗಾಗಿ ಕಾಳಗ ನಡೆಯಲೇ ಇಲ್ಲ.

"ಹಾಗಾದರೆ ಎಲ್ಲ ದಂಡ ಖರ್ಚು" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಫಿರಂಗಿಯಿಂದಲೇ ದೇಶ ಯುದ್ಧದಿಂದ ದೂರ ಉಳಿಯಿತು ಅಂತಲೂ ಹೇಳುತ್ತಿಲ್ಲ. ರಾಜಕೀಯ, ಭೂಗೋಳ ಎಲ್ಲವೂ ಸೇರಿತ್ತು. ಆದರೆ ಬಂದರಿನ ಬಾಗಿಲು ತೆರೆದೇ ಇದ್ದಿದ್ದರೆ "ನಾವು ಯಾರ ಕಡೆಯೂ ಅಲ್ಲ" ಎಂಬ ಮಾತಿಗೆ ಬೆಲೆ ಎಲ್ಲಿ?

ನರ್ಸ್‌ಗಳಿಗೆ ಇದು ಬೇಗ ಅರ್ಥ ಆಗುತ್ತದೆ. ವಾರ್ಡಿನ ಕ್ರ್ಯಾಶ್ ಟ್ರಾಲಿಯನ್ನು ದಿನಾ ಚೆಕ್ ಮಾಡುತ್ತೇವೆ: ಡಿಫಿಬ್ರಿಲೇಟರ್, ಆಕ್ಸಿಜನ್, ಔಷಧಿಯ ಎಕ್ಸ್‌ಪೈರಿ. ವಾರಗಟ್ಟಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಮುಟ್ಟದ ದಿನವೇ ಒಳ್ಳೆಯ ದಿನ. ಅದಕ್ಕಾಗಿ ಚೆಕ್ ಮಾಡುವುದನ್ನು ಬಿಡುತ್ತೇವಾ?

ಇಷ್ಟೆಲ್ಲ ಬರೆದದ್ದು ಊರಿನ ಮಾವಂದಿರಿಗೆ, ಚಿಕ್ಕಮ್ಮಂದಿರಿಗೆ. ಫೋನು ಮಾಡಿದಾಗಲೆಲ್ಲ "ಬಿಪಿ ನಾರ್ಮಲ್ ಬಂತು ಮಗಾ, ಮಾತ್ರೆ ನಿಲ್ಲಿಸಿದೆ" ಅನ್ನುತ್ತೀರಲ್ಲ, ನಾರ್ಮಲ್ ಬಂದದ್ದು ಮಾತ್ರೆ ತಿಂದದ್ದಕ್ಕೇ ಇರಬಹುದು. ಏನೂ ಆಗಲಿಲ್ಲ ಅನ್ನುವುದು ಕಾವಲು ಬೇಡ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಕಳೆದ ಸಲ ನಿಲ್ಲಿಸಿದವರು ನಾಳೆಯೇ ಹೋಗಿ ಬಿಪಿ ನೋಡಿಸಿ, ನನಗೆ ಮೆಸೇಜ್ ಹಾಕಿ.